ಬಾಣಂತಿ ಹಾವಿನೊಡನೆ ಚಿಂತಾಕಿಗೆ

ಬೆಳಿಗ್ಗೆ ಆರೂ ಹತ್ತಕ್ಕೆ ಬೀದರಿನ ಚಿದ್ರಿಯ ಮನೆ ಬಿಟ್ಟೆವು. ಮೇ ತಿಂಗಳು. ಆ ಹೊತ್ತಿಗೇ ಗಾಳಿ ಒಣಗಿತ್ತು, ರಸ್ತೆಯ ಬದಿಯ ಕೆಂಪು ಮಣ್ಣು ನೀರು ಕಾಣದೆ ಬಿರುಕು ಬಿಟ್ಟಿತ್ತು. ಕಾರು ನನ್ನದಲ್ಲ. ನಮ್ಮ ಮನೆಯ ಮೇಲಂತಸ್ತಿನಲ್ಲಿ ಬಾಡಿಗೆಗಿರುವ ಸುಜಾತಾಳದು. ಅವಳು ಬೀದರಿನ ಒಂದು ದವಾಖಾನೆಯಲ್ಲಿ ನರ್ಸ್. ರಜೆಯ ದಿನ ಬಂದರೆ ಹಾವು ಹಿಡಿಯಲು ಹೋಗುತ್ತಾಳೆ. ಯಾರದೋ ಬಚ್ಚಲಲ್ಲಿ, ಯಾರದೋ ಕಟ್ಟಿಗೆಯ ರಾಶಿಯಲ್ಲಿ ಹಾವು ಕಂಡಿತೆಂದು ಫೋನ್ ಬರುತ್ತದೆ. ಇವಳು ಅರಣ್ಯ ಇಲಾಖೆಯವರಿಗೆ ತಿಳಿಸಿ, ಹಿಡಿದು, ಊರಾಚೆ ಬಿಟ್ಟು ಬರುತ್ತಾಳೆ. ಹಿಂದಿನ ವಾರ ಸ್ಕೂಟಿಯಿಂದ ಬಿದ್ದು ಎಡಗೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದಳು. ಹಾಗಾಗಿ ಹಿಂದಿನ ಸಂಜೆ ಕೆಳಗಿಳಿದು ಬಂದು ನಮ್ಮ ಬಾಗಿಲಲ್ಲಿ ನಿಂತಿದ್ದಳು.

"ಕಾಕಾ, ನಾಳಿ ಸಾಯಗಾಂವಕ್ಕ ಹೋಗೋದದ. ಗಾಡಿ ನೀವು ಹೊಡೀತೀರೇನ್ರಿ?"

"ಬಸ್ಸಿಗಿ ಹೋಗವ್ವಾ. ಹೆಂಗಸರಿಗಿ ಟಿಕೀಟ್ ಭೀ ಇಲ್ಲ."

"ಹೋಗ್ಲಿಕ್ಕ ಬಸ್ ಆಗ್ತದ್ರಿ, ಬರ್ಲಿಕ್ಕ ಆಗಂಗಿಲ್ಲ. ಹಾವಿನ ಮೊಟ್ಟಿ ತರೋದದ. ಒಂದು ಸಲ ಹೊರಳಿದ್ರ ಒಳಗಿನ ಮರಿ ಸಾಯ್ತದ."

ನಾನು ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು ಓಡಿಸಿ ನಿವೃತ್ತನಾದವನು. ಅದರಲ್ಲಿ ಹನ್ನೊಂದು ವರ್ಷ ಭಾಲ್ಕಿ–ಔರಾದ ಮಾರ್ಗ. ಮನೆಗೆ ಬಂದು ಆರು ವರ್ಷವಾಗಿತ್ತು. ಈ ಆರು ವರ್ಷದಲ್ಲಿ 'ಗಾಡಿ ಹೊಡೀತೀರಾ' ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ಅಳಿಯಂದಿರಿಬ್ಬರೂ ನನ್ನನ್ನು ಹಿಂದಿನ ಸೀಟಿನಲ್ಲಿ ಕೂರಿಸುತ್ತಾರೆ. ಹಾವೆಂದರೆ ನನಗೆ ಹೆದರಿಕೆ. ಆದರೂ ಹೂಂ ಎಂದೆ.

ಭಾಲ್ಕಿ ತಲುಪಿದಾಗ ಏಳೂ ಕಾಲು. ಬಸ್ ನಿಲ್ದಾಣದ ಎದುರು ಕಾರು ನಿಲ್ಲಿಸಿ ಸುಸಲಾ, ಮಿರ್ಚಿ ಭಜಿ ತಿಂದು ಚಹಾ ಕುಡಿದೆವು. ನನ್ನ ಕಾಲದಲ್ಲಿ ಇಲ್ಲಿ ತಗಡಿನ ಅಂಗಡಿಯಿತ್ತು. ಅದರ ಮುದುಕ ಡ್ರೈವರುಗಳಿಗೆಂದೇ ಬೇರೆ ಪಾತ್ರೆಯಲ್ಲಿ ಗಟ್ಟಿ ಚಹಾ ಕಾಯಿಸಿ ಇಡುತ್ತಿದ್ದ. ಬಸ್ಸಿನ ಹಾರ್ನ್ ಕೇಳಿದೊಡನೆ ಸಾಸರಿಗೆ ಸುರಿಯುತ್ತಿದ್ದ. ನಾನು ಇಳಿದು ಬರುವಷ್ಟರಲ್ಲಿ ಕುಡಿಯುವ ಹದಕ್ಕೆ ಆರಿರುತ್ತಿತ್ತು. ಈಗ ಅಲ್ಲಿ ಮೊಬೈಲ್ ಅಂಗಡಿ. ಔರಾದ ಬಸ್ಸು ನಿಲ್ಲುವ ಜಾಗ ಮಾತ್ರ ಅದೇ. ಹೊರಟು ನಿಂತ ಬಸ್ಸಿನ ಡ್ರೈವರ್ ಇಪ್ಪತ್ತೇಳು–ಇಪ್ಪತ್ತೆಂಟರ ಹುಡುಗ, ಕಿವಿಯಲ್ಲಿ ಇಯರ್‌ಫೋನ್. ಅವನು ಕ್ಲಚ್ ಬಿಟ್ಟ ರೀತಿ ನನಗೆ ಸೇರಲಿಲ್ಲ. ಸುಜಾತಾ ನನ್ನ ಮುಖ ನೋಡಿ ನಕ್ಕಳು.

ಸಾಯಗಾಂವದ ದಾರಿಯ ಎರಡೂ ಬದಿ ಉತ್ತು ಬಿಟ್ಟ ಎರೆಹೊಲಗಳು. ಮಳೆ ಬಿದ್ದ ಮೇಲೆ ಸೋಯಾ, ಉದ್ದು, ತೊಗರಿ ಬಿತ್ತುತ್ತಾರೆ. ಊರು ಸೇರುವ ಮೊದಲೇ ಒಬ್ಬ ಗಂಡಸು ಬೈಕಿನ ಮೇಲೆ ಎದುರಾಗಿ, ಕೈ ಮಾಡಿ, ಹೊಲದ ದಾರಿಗೆ ತಿರುಗಿಸಿದ. ಹೆಸರು ಗುಂಡಪ್ಪ. ಹೊಲ ಅವನದೇ. ಎರಡು ಹೊಲಗಳ ನಡುವೆ ಅಜ್ಜನ ಕಾಲದಿಂದ ಬಿದ್ದಿದ್ದ ಕಲ್ಲಿನ ರಾಶಿಯನ್ನು ಹಿಂದಿನ ದಿನ ಜೆಸಿಬಿಯಿಂದ ತೆಗೆಸಿ ನೆಲ ಸಮ ಮಾಡಿಸಿದ್ದನಂತೆ. ರಾಶಿಯ ಅಡಿಯಲ್ಲಿ ಕೇರೆ ಹಾವೊಂದು ಮೊಟ್ಟೆಗಳ ಮೇಲೆ ಸುತ್ತಿಕೊಂಡು ಮಲಗಿತ್ತು. ಜೆಸಿಬಿ ಬಕೆಟ್ಟಿನ ಹಲ್ಲು ಅದರ ಪಕ್ಕೆಗೆ ತಾಗಿತ್ತು.

"ನಾ ಬಡಿಗಿ ತಗೊಂಡಿದ್ದೆ, ಖರೆ ಹೇಳ್ತೇನ್ರಿ," ಎಂದ ಗುಂಡಪ್ಪ. "ನಮ್ಮಾಕಿ ಬಿಡ್ಲಿಲ್ಲ."

ಅವನ ಹೆಂಡತಿ ಕಸ್ತೂರಬಾಯಿ ಬೇವಿನ ಮರದ ನೆರಳಿನಲ್ಲಿ ಕೂತಿದ್ದಳು. ಅಲ್ಲಿಂದ ಹತ್ತು ಹೆಜ್ಜೆಯಾಚೆ, ಬಯಲಿನಲ್ಲಿ, ಸಗಣಿ ಹೊರುವ ದೊಡ್ಡ ಬುಟ್ಟಿಯೊಂದನ್ನು ಬೋರಲು ಹಾಕಿ ಮೇಲೆ ಕಲ್ಲಿಟ್ಟಿದ್ದಳು. ಬುಟ್ಟಿಯ ಮೇಲೆ ಒದ್ದೆ ಗೋಣಿಚೀಲ. ಸಂಜೆ ಕತ್ತಲಾಗುವ ತನಕ ಕಾವಲಿದ್ದು, ಬೆಳಗಾಗುತ್ತಲೇ ಮತ್ತೆ ಬಂದು ಗೋಣಿಗೆ ನೀರು ಚಿಮುಕಿಸಿದ್ದಳು.

"ಧಾಮಣ ಅದ್ರಿ, ವಿಷ ಇಲ್ಲ. ಇಲಿ ತಿಂದು ಬದುಕ್ತದ," ಎಂದಳು ಸುಜಾತಾಳಿಗೆ. ಮಹಾರಾಷ್ಟ್ರದ ಗಡಿ ಹತ್ತಿರವಿರುವ ಈ ಊರುಗಳಲ್ಲಿ ಕೇರೆ ಹಾವಿಗೆ ಮರಾಠಿಯ ಆ ಹೆಸರೇ ರೂಢಿ. "ವಿಷ ಇದ್ದಿದ್ರ ಭೀ ಹೊಡೀಲಿಕ್ಕ ಬಿಡ್ತಿದ್ದಿಲ್ಲ ತಗೋರಿ. ಬಾಣಂತಿ ಅದಾಳ."

ಸುಜಾತಾ ಒಂದೇ ಕೈಯಿಂದ ಬುಟ್ಟಿ ಸರಿಸಿದಳು. ನಾನು ಹಿಂದೆ ಸರಿದೆ. ಹಾವುಗಳನ್ನು ನಾನು ಕಂಡದ್ದೆಲ್ಲ ಹೆಚ್ಚಾಗಿ ಗಾಲಿಯ ಕೆಳಗೆ. ಮಳೆಗಾಲದ ಸಂಜೆ ಬಿಸಿ ಡಾಂಬರಿನ ಮೇಲೆ ಉದ್ದಕ್ಕೆ ಮಲಗಿರುತ್ತಿದ್ದವು. ಐವತ್ತು ಜನರ ಬಸ್ಸು, ಬ್ರೇಕ್ ಹಾಕಿದರೆ ಒಳಗಿನವರು ಬೀಳುತ್ತಾರೆ, ಹಾಯಿಸಿಕೊಂಡು ಹೋಗುತ್ತಿದ್ದೆ. ಸಣ್ಣ ಸದ್ದೂ ಕೇಳುತ್ತಿರಲಿಲ್ಲ. ಇಷ್ಟು ಹತ್ತಿರದಿಂದ, ನಿಂತು, ಜೀವಂತ ಹಾವನ್ನು ನೋಡಿದ್ದು ಅದೇ ಮೊದಲು. ಆರಡಿಗೂ ಮೀರಿದ ಉದ್ದ. ಆದರೆ ಮೈ ಖಾಲಿ ಚೀಲದಂತಿತ್ತು. ಬೆನ್ನೆಲುಬು ಎದ್ದು ಕಾಣುತ್ತಿತ್ತು, ಎರಡೂ ಪಕ್ಕೆಯಲ್ಲಿ ಚರ್ಮ ಮಡಿಕೆ ಮಡಿಕೆಯಾಗಿ ಜೋತಿತ್ತು. ಅದು ಓಡಲಿಲ್ಲ. ತಲೆಯನ್ನಷ್ಟೇ ಎತ್ತಿ ನಮ್ಮ ಕಡೆ ನೋಡಿತು.

ಸುಜಾತಾ ಅದನ್ನು ಹತ್ತಿಬಟ್ಟೆಯ ಚೀಲಕ್ಕೆ ಇಳಿಸಿದಳು. ಪಕ್ಕೆಯ ಗಾಯವಿದ್ದ ಭಾಗವನ್ನಷ್ಟೇ ಹೊರಗೆ ಬಿಟ್ಟು, ಸಲೈನ್ ನೀರಿನಿಂದ ತೊಳೆದು ಔಷಧ ಹಚ್ಚಿದಳು. ಚೀಲದ ಬಾಯಿ ಹಿಡಿದವಳು ಕಸ್ತೂರಬಾಯಿ. ಹೆಸರಿಗಷ್ಟೇ ಗಂಡಸರಾದ ಗುಂಡಪ್ಪ ಮತ್ತು ನಾನು ದೂರ ನಿಂತು ಹವೆಯ ಬಗ್ಗೆ ಮಾತಾಡಿದೆವು.

ಮೊಟ್ಟೆ ಒಟ್ಟು ಹನ್ನೆರಡಿದ್ದವು. ಎರಡು ಒಡೆದುಹೋಗಿದ್ದವು. ಉಳಿದ ಹತ್ತು ಒಂದಕ್ಕೊಂದು ಅಂಟಿಕೊಂಡು ಒಂದೇ ಗೊಂಚಲಾಗಿದ್ದವು. ಕೋಳಿಮೊಟ್ಟೆಯ ಹಾಗೆ ಗಟ್ಟಿ ಸಿಪ್ಪೆಯಲ್ಲ. ಮುಟ್ಟಿದರೆ ಒದ್ದೆ ತೊಗಲಿನಂತೆ ಮೆತ್ತಗೆ. ಸುಜಾತಾ ಪೆನ್ಸಿಲ್ ತೆಗೆದು ಒಂದೊಂದರ ನೆತ್ತಿಯ ಮೇಲೂ ಹಗುರವಾಗಿ ಗೆರೆ ಎಳೆದಳು.

"ಈ ಗೆರಿ ಯಾವಾಗ್ಲೂ ಮ್ಯಾಲೇ ಇರಬೇಕ್ರಿ ಕಾಕಾ. ಚಿಂತಾಕಿ ಮುಟ್ಟೋ ತನಾ."

ಅಲ್ಲಿಯತನಕ ಬೀದರಿಗೆ ವಾಪಸ್ ಹೋಗುವುದೆಂದೇ ನಾನು ತಿಳಿದಿದ್ದೆ. ನಮ್ಮ ಮೇಲಂತಸ್ತಿನ ಕೋಣೆ ಈ ತಿಂಗಳಲ್ಲಿ ತಂದೂರ್ ಒಲೆಯಾಗುತ್ತದೆ, ಮೊಟ್ಟೆ ಬೇಯುತ್ತವೆ ಎಂದಳು. ಔರಾದಿನ ಆಚೆ ಚಿಂತಾಕಿಯಲ್ಲಿ ಅವಳ ತವರುಮನೆ. ಕಲ್ಲು–ಮಣ್ಣಿನ ದಪ್ಪ ಗೋಡೆ. ಒಳಕೋಣೆಯಲ್ಲಿ ಹಗಲು ರಾತ್ರಿ ಒಂದೇ ಹದದ ಕಾವು ಇರುತ್ತದಂತೆ. ಅಂದರೆ ನನ್ನ ಹಳೆಯ ಮಾರ್ಗದಲ್ಲಿ, ಭಾಲ್ಕಿಯಿಂದ ಔರಾದಿಗೆ.

ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಅದೇ ಜಾಗದ ಹಸಿಮಣ್ಣು ತುಂಬಿ ಗೊಂಚಲನ್ನು ಅದರಲ್ಲಿ ಕೂರಿಸಿದೆವು. ಬಕೆಟ್ಟು ಮುಂದಿನ ಸೀಟಿನ ಕೆಳಗೆ, ಸುಜಾತಾಳ ಎರಡು ಪಾದಗಳ ನಡುವೆ. ಹಾವಿನ ಚೀಲ ಬುಟ್ಟಿಯೊಳಗೆ, ಹಿಂದಿನ ಸೀಟಿನ ಮೇಲೆ. ಹೊರಟಾಗ ಒಂಬತ್ತೂವರೆ.

ಹೊಲದ ದಾರಿ ದಾಟುವುದಕ್ಕೇ ಅರ್ಧ ತಾಸು ಬೇಕಾಯಿತು. ಡಾಂಬರಿಗೆ ಬಂದ ಮೇಲೂ ಎರಡನೇ ಗೇರು ಬಿಡಲಿಲ್ಲ. ಮುಳ್ಳು ಇಪ್ಪತ್ತು ದಾಟಲಿಲ್ಲ. ಹಿಂದಿನಿಂದ ಬಂದ ಟ್ರ್ಯಾಕ್ಟರುಗಳು ಕೂಡ ಹಾರ್ನ್ ಹೊಡೆದು ಮುಂದೆ ಹೋದವು. ಒಬ್ಬ ಟಂಟಂ ಆಟೋದ ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿ, "ಚಾಚಾ, ಗಾಡಿ ಕಲೀಲತ್ತೀರೇನ್ರಿ?" ಎಂದು ಕೇಳಿ ಹೋದ. ಮೂವತ್ತೊಂದು ವರ್ಷದ ಸರ್ವೀಸು!

ಭಾಲ್ಕಿ ದಾಟಿದ ಮೇಲೆ ಮಾರ್ಗ ತಾನಾಗಿ ನೆನಪಿಗೆ ಬಂತು. ಮೋರಿ ಎಲ್ಲಿದೆ, ಯಾವ ತಿರುವಿನಲ್ಲಿ ರಸ್ತೆ ಹೊರಗೆ ವಾಲುತ್ತದೆ, ಎಲ್ಲಿ ಎರೆಮಣ್ಣು ಕುಸಿದು ಡಾಂಬರು ಅಲೆಯಾಗುತ್ತದೆ, ಎಲ್ಲವನ್ನೂ ಕಣ್ಣಿಗಿಂತ ಮೊದಲು ಕಾಲು ಹೇಳುತ್ತಿತ್ತು. "ಈಗ ಒಂದು ಕುಣಿ ಬರ್ತದ, ಬಕೆಟ್ ಹಿಡಿ" ಎನ್ನುತ್ತಿದ್ದೆ. ಬರುತ್ತಿತ್ತು. ರಸ್ತೆಯನ್ನು ಎರಡು ಸಲವಾದರೂ ಹೊಸದಾಗಿ ಮಾಡಿದ್ದಾರೆ, ಆದರೂ ಗುಂಡಿ ಬೀಳುವ ಜಾಗ ಬದಲಾಗಿಲ್ಲ. ಬಸ್ಸಿನ ದಿನಗಳಲ್ಲಿ ಈ ದಾರಿಯಲ್ಲಿ ಯಾವ ಮರದಡಿ ಯಾರು ನಿಲ್ಲುತ್ತಾರೆಂಬುದು ನನಗೆ ಬಾಯಿಪಾಠವಾಗಿತ್ತು. ಹಾಲಿನ ಕ್ಯಾನಿನವರು, ಔರಾದ ಕೋರ್ಟಿಗೆ ಹೋಗುವ ಅಣ್ಣತಮ್ಮಂದಿರು. ಒಂದೇ ಹೊಲಕ್ಕೆ ಜಗಳಾಡುತ್ತ, ಒಂದೇ ಸೀಟಿನಲ್ಲಿ ಕೂತು, ಒಂದೇ ಎಲೆಯಡಿಕೆ ಚೀಲದಿಂದ ಹಾಕಿಕೊಳ್ಳುತ್ತಿದ್ದರು. ಈಗ ಮರಗಳ ಕೆಳಗೆ ಯಾರೂ ಇರಲಿಲ್ಲ. ಎಲ್ಲರ ಹತ್ತಿರ ಬೈಕಿದೆ.

ಹನ್ನೊಂದರ ಸುಮಾರಿಗೆ ಸುಜಾತಾ, "ನಿಂದ್ರಸ್ರಿ ಕಾಕಾ" ಎಂದಳು. ಬಕೆಟ್ಟಿನೊಳಗಿನ ಥರ್ಮಾಮೀಟರ್ ಮೂವತ್ತನಾಲ್ಕು ತೋರಿಸುತ್ತಿತ್ತು. ಮೂವತ್ತಕ್ಕಿಂತ ಮೇಲೆ ಹೋಗಬಾರದು. ಕಾರಿನ ಎ.ಸಿ. ಕೆಟ್ಟು ವರ್ಷವಾಗಿತ್ತು. ನಮ್ಮ ಬಾಟಲಿಯ ನೀರು ಮುಟ್ಟಿದರೆ ಬಿಸಿ. ಮುಂದೆ ಅರ್ಧ ಕಿಲೋಮೀಟರಿನಲ್ಲಿ ಆಲದ ಮರ, ಅದರ ಕೆಳಗೆ ಕುರಿಹಿಂಡು. ಅಲ್ಲಿಗೆ ಒಯ್ದು ನಿಲ್ಲಿಸಿದೆ. ಕುರಿ ಕಾಯುತ್ತಿದ್ದವಳು ಅರವತ್ತು ದಾಟಿದ ಹೆಂಗಸು. ಮರದ ಬೊಡ್ಡೆಗೆ ಒರಗಿಸಿದ್ದ ಅವಳ ಮಣ್ಣಿನ ಬಿಂದಿಗೆಯ ನೀರು ತಣ್ಣಗಿತ್ತು. ಕೇಳಿದೊಡನೆ ಕೊಟ್ಟಳು. ಸುಜಾತಾ ತನ್ನ ದುಪಟ್ಟಾವನ್ನು ಅದರಲ್ಲಿ ಅದ್ದಿ ಬಕೆಟ್ಟಿನ ಹೊರಮೈಗೆ ಸುತ್ತಿದಳು.

"ಬುಟ್ಟ್ಯಾಗ ಏನದ್ರಿ?" ಎಂದು ಮುದುಕಿ ಹಿಂದಿನ ಸೀಟಿನತ್ತ ಬಗ್ಗಿದಳು.

"ಬಾಣಂತಿ ಅದಾಳವ್ವಾ," ಎಂದೆ.

ಅವಳು ಚೀಲ ಅಲುಗಾಡಿದ್ದನ್ನು ನೋಡಿದಳು. ಹೆದರಲಿಲ್ಲ. "ಮದ್ಲ ಆಕಿಗಿ ನೀರು ಕುಡಸ್ರಿ. ಹಡೆದ ಕುರಿಗಿ ಮದ್ಲ ನೀರು, ಆಮ್ಯಾಲ ಮೇವು" ಎಂದಳು. ಮುಕ್ಕಾಲು ತಾಸು ಕೂತೆವು. ಪಾದರಸ ಇಪ್ಪತ್ತೊಂಬತ್ತಕ್ಕೆ ಇಳಿಯಿತು. ಹೊರಡುವಾಗ ಅವಳು ಬಿಂದಿಗೆಯಲ್ಲಿ ಉಳಿದ ನೀರನ್ನೂ ನಮ್ಮ ಬಾಟಲಿಗೆ ಬಗ್ಗಿಸಿದಳು.

ಅಲ್ಲಿಂದ ಮಾಂಜ್ರಾ ಸೇತುವೆ. ನದಿಯಲ್ಲಿ ನೀರು ಅಲ್ಲಲ್ಲಿ ಗುಂಡಿಗಳಲ್ಲಿ ನಿಂತಿತ್ತು. ಎಮ್ಮೆಗಳು ಅದರಲ್ಲೇ ಮುಳುಗಿದ್ದವು. ಸೇತುವೆಯ ತುಂಡುಗಳ ನಡುವಿನ ಕಬ್ಬಿಣದ ಕೀಲುಪಟ್ಟಿಗಳ ಮೇಲೆ ಒಂದೊಂದೇ ಗಾಲಿ ಇಳಿಸುತ್ತ ದಾಟಿದೆ. ಆಚೆ ಬಂದೊಡನೆ ಗಾಡಿಯನ್ನು ಬದಿಗೆ ಹಾಕಿದೆ.

"ಏನಾಯ್ತ್ರಿ?" ಎಂದಳು ಸುಜಾತಾ.

ಯಾರಿಗೂ ಹೇಳದಿದ್ದ ಮಾತು ಅಲ್ಲಿ ಹೇಳಿದೆ. ನನ್ನ ಹೆಂಡತಿ ಮಹಾದೇವಿ ತೀರಿಕೊಂಡು ಮೂರು ವರ್ಷ. ಮದುವೆಯ ಹೊಸದರಲ್ಲಿ ನಾವು ಔರಾದಿನಲ್ಲಿದ್ದೆವು. ಚೊಚ್ಚಲ ಬಸುರಿ, ಏಳನೇ ತಿಂಗಳು. ಭಾಲ್ಕಿಯ ತವರಿಗೆ ನನ್ನ ಬಸ್ಸಿನಲ್ಲೇ ಹೊರಟಳು. ನನ್ನ ಬೆನ್ನ ಹಿಂದಿನ ಸೀಟಿನಲ್ಲಿ ಕೂತಿದ್ದಳು. ಆ ವರ್ಷ ರಸ್ತೆಯೆಲ್ಲ ಅಗೆದು ಜಲ್ಲಿ ಹಾಕಿದ್ದರು. ಬಸ್ಸು ನಲವತ್ತು ನಿಮಿಷ ತಡ. ಹಿಂದಿನ ವಾರವಷ್ಟೇ ತಡವಾದದ್ದಕ್ಕೆ ಮೇಲಿನವರಿಂದ ಬೈಸಿಕೊಂಡಿದ್ದೆ. ಜೋರಾಗಿ ಓಡಿಸಿದೆ. ಗುಂಡಿಗೆ ಬಿದ್ದಾಗಲೆಲ್ಲ ಅವಳ ಬಳೆ ನನ್ನ ಬೆನ್ನ ಹಿಂದಿನ ಸರಳಿಗೆ ತಾಗಿ ಸದ್ದಾಗುತ್ತಿತ್ತು. 'ಸಾವಕಾಶ' ಎಂದು ಅವಳು ಒಮ್ಮೆಯೂ ಹೇಳಲಿಲ್ಲ. ಮೂರನೇ ದಿನ ಭಾಲ್ಕಿಯ ದವಾಖಾನೆಯಲ್ಲಿ ಕೂಸು ಹೋಯಿತು. ಗಂಡುಕೂಸು. ಆಮೇಲೆ ಎರಡು ಹೆಣ್ಣು ಹುಟ್ಟಿದವು, ಮದುವೆಯಾದವು. ಮಹಾದೇವಿ ಆ ದಿನದ ಮಾತು ಕೊನೆಯ ತನಕ ಎತ್ತಲಿಲ್ಲ. ಎತ್ತಿ ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಸುಜಾತಾ ಬಕೆಟ್ಟಿನತ್ತ ಬೆರಳು ತೋರಿಸಿದಳು.

"ಕಾಕಾ, ಹಾವಿನ ಮೊಟ್ಟ್ಯಾಗ ಮರಿ ಮ್ಯಾಲಿನ ಸಿಪ್ಪಿಗಿ ಅಂಟಿಕೊಂಡಿರ್ತದ. ಅದಕ್ಕೇ ಹೊರಳಿಸಬಾರದು. ಹೆಂಗಸಿನ ಹೊಟ್ಟ್ಯಾಗ ಕೂಸು ನೀರಾಗ ತೇಲ್ತಿರ್ತದ್ರಿ. ಬಸ್ಸಿನ ಕುಲುಕಾಟಕ್ಕ ಅದು ಹಂಗ ಹೋಗಂಗಿಲ್ಲ. ಏಳನೇ ತಿಂಗಳ ಹೋಗ್ಲಿಕ್ಕ ಬ್ಯಾರೆ ಬೇಕಾದಷ್ಟು ಕಾರಣ ಇರ್ತಾವ. ನೀವು ಯಾವ ಡಾಕ್ಟರಿಗಾದ್ರೂ ಕೇಳಿದ್ರೇನ್ರಿ?"

"ಇಲ್ಲ."

"ಕಾಕಿ ಕೇಳಿರ್ತಾರ," ಎಂದಳು. "ಹೆಂಗಸರು ಕೇಳ್ತಾರ್ರಿ. ನಮ್ಮ ವಾರ್ಡಿನಾಗ ದಿನಾ ಕೇಳ್ತಾರ. ಅವರಿಗಿ ಗೊತ್ತಿತ್ತು, ಅದಕ್ಕೇ ನಿಮಗ ಏನೂ ಅಂದಿಲ್ಲ."

ಎಷ್ಟು ಹೊತ್ತು ಕೂತಿದ್ದೆವೋ, ಥರ್ಮಾಮೀಟರ್ ಮತ್ತೆ ಏರತೊಡಗಿತ್ತು. ಸ್ಟಿಯರಿಂಗ್ ಹಿಡಿದು ಗೇರಿಗೆ ಹಾಕಿದೆ.

ಚಿಂತಾಕಿ ಮುಟ್ಟಿದಾಗ ಮಧ್ಯಾಹ್ನ ಮೂರು. ಎರಡೂವರೆ ತಾಸಿನ ದಾರಿಗೆ ಐದೂವರೆ ತಾಸು ಹಿಡಿದಿತ್ತು. ಹತ್ತು ಪೆನ್ಸಿಲ್ ಗೆರೆಗಳೂ ಮೇಲ್ಮುಖವಾಗಿಯೇ ಇದ್ದವು. ಸುಜಾತಾಳ ತಾಯಿ ಸುಂದರಬಾಯಿ ಹೊಸ್ತಿಲಲ್ಲೇ ನನ್ನ ಮುಖವನ್ನು ದಿಟ್ಟಿಸಿ ನೋಡಿದರು.

"ನೀವು ಔರಾದ ಗಾಡಿ ಡ್ರೈವರ್ ಅಲ್ಲೇನ್ರಿ? ಭಾಲ್ಕಿ ದಾರ್ಯಾಗ ನಾ ಕೈ ಮಾಡಿದ್ರ ನೀವು ಒಂದಿನ ಭೀ ನಿಂದ್ರಸಿಲ್ಲ."

ಆ ಮನೆಯಲ್ಲಿ ನನ್ನ ಪರಿಚಯ ಹಾಗೆ ಆಯಿತು. ಆದರೆ ಊಟಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಬೆಣ್ಣೆ ಎಲ್ಲ ಇತ್ತು. ಮನೆಯಲ್ಲಿ ಸುಂದರಬಾಯಿ, ಸಾಲಿ ಮಾಸ್ತರನಾದ ಮಗ, ಸೊಸೆ. ಒಳಕೋಣೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ಜೋಳದ ಚೀಲಗಳು. ಚೀಲಗಳನ್ನು ಸರಿಸಿ ಮೊಟ್ಟೆಗಳಿಗೆ ಜಾಗ ಮಾಡಿದರು. ಮುಚ್ಚಳಕ್ಕೆ ತೂತು ಕೊರೆದ ಡಬ್ಬಿಯಲ್ಲಿ ತೆಂಗಿನ ನಾರಿನ ಪುಡಿ ಮತ್ತು ಮರಳು ಬೆರೆಸಿ, ನೀರು ಚಿಮುಕಿಸಿದರು. ಹಿಡಿ ಹಿಂಡಿದರೆ ಉಂಡೆಯಾಗಬೇಕು, ನೀರು ಮಾತ್ರ ಸೋರಬಾರದು, ಅದು ಹದ. ಗೊಂಚಲನ್ನು ಅದರಲ್ಲಿ ಕೂರಿಸಿ, ಡಬ್ಬಿಯನ್ನು ಹೊಟ್ಟು ತುಂಬಿದ ದೊಡ್ಡ ಮಣ್ಣಿನ ಗಡಿಗೆಯೊಳಗೆ ಇಟ್ಟರು. ಕೋಣೆ ಕತ್ತಲೆಯಾಗಿದ್ದರಿಂದ ಸುಜಾತಾ ಮೊಟ್ಟೆಗಳ ಪಕ್ಕಕ್ಕೆ ಸಣ್ಣ ಬ್ಯಾಟರಿ ಹಿಡಿದು ತೋರಿಸಿದಳು. ಎಂಟರಲ್ಲಿ ಕೆಂಪು ನೂಲಿನಂಥ ನರಗಳು ಹರಡಿದ್ದವು. ಎರಡು ಬರಿಯ ಹಳದಿ.

ನಮ್ಮವ್ವ ಕೋಳಿಯನ್ನು ಕಾವಿಗೆ ಕೂಡಿಸುವ ಮುನ್ನ ಮೊಟ್ಟೆಯನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದದ್ದು ನೆನಪಾಯಿತು. ಕೈಯನ್ನು ಕೊಳವೆಯಂತೆ ಮಡಚಿ, ಒಂದು ಕಣ್ಣು ಮುಚ್ಚಿ. ನನಗೂ ತೋರಿಸುತ್ತಿದ್ದಳು. ನನಗೆ ಏನೂ ಕಾಣುತ್ತಿರಲಿಲ್ಲ, ಆದರೂ ಕಂಡಿತು ಎನ್ನುತ್ತಿದ್ದೆ.

ಮೊಟ್ಟೆಗಳ ಕೆಲಸ ಅಲ್ಲಿಗೆ ಮುಗಿಯಿತು; ಇನ್ನು ಎರಡು ತಿಂಗಳು ಅವು ಸುಮ್ಮನಿರಬೇಕು. ತೊಡಕಾದದ್ದು ತಾಯಿಯದು. ಮರದ ಪೆಟ್ಟಿಗೆಯಲ್ಲಿ ಒಡೆದ ಗಡಿಗೆಯನ್ನು ಗವಿಯಂತೆ ಬೋರಲು ಹಾಕಿ, ಅಗಲವಾದ ಮಣ್ಣಿನ ತಟ್ಟೆಯಲ್ಲಿ ನೀರಿಟ್ಟು, ಮೇಲೆ ಜಾಳಿಗೆ ಮುಚ್ಚಿ, ಬಟ್ಟೆ ಹೊದಿಸಿ ಕತ್ತಲೆ ಮಾಡಿದ್ದರು. ಮೊದಲ ದಿನ ಅದು ನೀರು ಮುಟ್ಟಲಿಲ್ಲ. ಎರಡನೆಯ ದಿನವೂ ಇಲ್ಲ. ಗಡಿಗೆಯೊಳಗೆ ಖಾಲಿ ಸುತ್ತು ಸುತ್ತಿಕೊಂಡು, ನಡುವೆ ಮೊಟ್ಟೆಗಳಿಗೆ ಬೇಕಾದಷ್ಟು ಜಾಗ ಬಿಟ್ಟು ಮಲಗಿತ್ತು. ಸುಜಾತಾಳ ಮುಖ ಬಾಡಿತು. ನೀರಿಲ್ಲದೆ ಇನ್ನೆರಡು ದಿನ ಹೋದರೆ ಉಳಿಯುವುದು ಕಷ್ಟವೆಂದಳು.

ನಾನು ಮರುದಿನವೇ ಬಸ್ಸು ಹಿಡಿದು ಬೀದರಿಗೆ ಹೋಗಬಹುದಿತ್ತು. ಹೋಗಲಿಲ್ಲ. ಹಗಲೆಲ್ಲ ಆ ಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿ ಕೂತೆ. ಸುಂದರಬಾಯಿ ನನ್ನ ಎದುರು ಜೋಳ ಹಸನು ಮಾಡುತ್ತ ಬಾಣಂತನದ ಮಾತು ತೆಗೆಯುತ್ತಿದ್ದರು. ಸುಜಾತಾ ಹುಟ್ಟಿದಾಗ ತಿಂದ ಡಿಂಕಿನ ಉಂಡಿ, ಅಳ್ವಿ ಪಾಯಸ, ಸಬ್ಬಸಗಿ ಪಲ್ಯ, ಮಂಚದ ಕೆಳಗಿನ ಕೆಂಡದ ಅಗ್ಗಿಷ್ಟಿಕೆ. "ಈಕಿಗಿ ಏನೂ ಇಲ್ಲ ನೋಡ್ರಿ. ತಾನೇ ಹಡೀಬೇಕು, ತಾನೇ ಏಳಬೇಕು," ಎಂದು ಪೆಟ್ಟಿಗೆಯತ್ತ ನೋಡುತ್ತಿದ್ದರು. ಮಹಾದೇವಿಯ ಎರಡು ಬಾಣಂತನಗಳೂ ಭಾಲ್ಕಿಯಲ್ಲಿ ಆದವು. ನಾನು ಎರಡು ಸಲವೂ ಡ್ಯೂಟಿಯ ಮೇಲೆ, ಬಸ್ಸು ನಿಂತ ಹತ್ತು ನಿಮಿಷದಲ್ಲಿ ಓಡಿ ಹೋಗಿ, ಬಾಗಿಲಲ್ಲೇ ನಿಂತು, ಓಮಕಾಳು–ಲೋಬಾನದ ಹೊಗೆಯೊಳಗೆ ಅವಳ ಮುಖ ನೋಡಿ ಬಂದಿದ್ದೆ.

ಮೂರನೆಯ ದಿನ ಬೆಳಿಗ್ಗೆ ಸುಜಾತಾ ದೊಡ್ಡ ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು ಹಾಕಿ, ಗಾಯ ಮುಳುಗದಷ್ಟೇ ಆಳಕ್ಕೆ, ಹಾವನ್ನು ಅದರಲ್ಲಿ ಇಳಿಸಿದಳು. ಒಂದೇ ಕೈಯಿಂದ ಆಗಲಿಲ್ಲ.

"ಕಾಕಾ, ನಡು ಹಿಡೀರಿ. ಒತ್ತಬ್ಯಾಡ್ರಿ. ಬರೇ ಆಧಾರ."

ಹಿಡಿದೆ. ತಣ್ಣಗೆ, ಒಣಗಿ, ಹಗುರಾಗಿತ್ತು. ಅಂಗೈ ಕೆಳಗೆ ಪಕ್ಕೆಲುಬುಗಳು ಒಂದೊಂದಾಗಿ ಸರಿಯುವುದು ಗೊತ್ತಾಯಿತು. ಸ್ವಲ್ಪ ಹೊತ್ತಿನ ಮೇಲೆ ಅದು ಗದ್ದವನ್ನು ನೀರಿಗೆ ಊರಿತು. ಗಂಟಲ ಬಳಿ ಚರ್ಮ ಮೆಲ್ಲನೆ ಏರಿ ಇಳಿಯತೊಡಗಿತು.

"ಕುಡೀಲತ್ತದ," ಎಂದಳು ಸುಜಾತಾ, ಉಸಿರಿನಲ್ಲೇ.

ಎಷ್ಟೋ ಹೊತ್ತು ಕುಡಿಯಿತು. ಬಾಗಿಲಲ್ಲಿ ಸುಂದರಬಾಯಿ, ಸೊಸೆ, ಮಾಸ್ತರ ಎಲ್ಲರೂ ನಿಂತಿದ್ದರು. ನಾಲ್ಕನೆಯ ದಿನ ಜೋಳದ ಚೀಲಗಳ ಹಿಂದಿನ ಬೋನಿಗೆ ಬಿದ್ದಿದ್ದ ಇಲಿಯನ್ನು ಪೆಟ್ಟಿಗೆಯಲ್ಲಿಟ್ಟು ಬಾಗಿಲು ಮುಚ್ಚಿದೆವು. ಮಧ್ಯಾಹ್ನ ನೋಡಿದರೆ ಇಲಿ ಇರಲಿಲ್ಲ. ಹಾವಿನ ನಡುವಿನಲ್ಲಿ ಸಣ್ಣ ಗಂಟಿತ್ತು. ಅದು ಕರಗಲೆಂದು ಇನ್ನೂ ಮೂರು ದಿನ ಕಾದೆವು. ಅಷ್ಟರಲ್ಲಿ ಗಾಯದ ಮೇಲೆ ಪೊರೆ ಕಟ್ಟಿತು. ಹಳದಿ ಮೊಟ್ಟೆಗಳೆರಡಕ್ಕೂ ಬೂಸಲು ಹಿಡಿದದ್ದರಿಂದ ಅವನ್ನು ಬಿಡಿಸಿ ತೆಗೆದರು. ಉಳಿದ ಎಂಟು ಸುಂದರಬಾಯಿಯವರ ಸುಪರ್ದಿಗೆ.

ಎಂಟನೆಯ ದಿನ ಬೆಳಿಗ್ಗೆ ತಾಯಿಯನ್ನು ಕರೆದುಕೊಂಡು ಸಾಯಗಾಂವಕ್ಕೆ ಹೊರಟೆವು. ಹಾವನ್ನು ಅದರ ಸೀಮೆಯಲ್ಲೇ ಬಿಡಬೇಕು; ಬೇರೆ ಕಡೆ ಬಿಟ್ಟರೆ ಬಿಲ, ನೀರು, ದಾರಿ ತಿಳಿಯದೆ ಅಲೆದು ಸಾಯುತ್ತದೆ. ಆ ದಿನ ಮೋಡವಿತ್ತು. ಗುಂಡಪ್ಪನ ಹೊಲದ ಕೆಳಗೆ ನಾಲೆಯಿದೆ. ಅದರ ದಂಡೆಗೆ ಗುಂಡಪ್ಪ ತಾನೇ ಕಲ್ಲು ಹೊತ್ತು ತಂದು ಹೊಸ ರಾಶಿ ಹಾಕಿದ್ದ. ನಾವು ಕೇಳಿರಲಿಲ್ಲ. ಹೆಂಡತಿ ಹೇಳಿದ್ದಳೋ ಏನೋ.

ಚೀಲದ ಬಾಯಿ ಬಿಚ್ಚಿ ನೆಲಕ್ಕಿಟ್ಟೆವು. ಹಾವು ತಲೆ ಹೊರಹಾಕಿ, ನಾಲಿಗೆ ಚಾಚಿ ಗಾಳಿ ನೋಡಿತು. ನೇರ ಕಲ್ಲಿನತ್ತ ಹೋಗಲಿಲ್ಲ. ಮೊದಲು ಮೇಲೆ, ಸಮ ಮಾಡಿದ ಹೊಲದತ್ತ ಒಂದಿಷ್ಟು ದೂರ ಸಾಗಿತು, ನಿಂತಿತು, ಆಮೇಲೆ ತಿರುಗಿ ರಾಶಿಯೊಳಗೆ ಇಳಿಯಿತು. ಬಾಲದ ತುದಿ ಒಂದು ಗಳಿಗೆ ಹೊರಗೇ ಉಳಿದು ಕಣ್ಮರೆಯಾಯಿತು. ಕಸ್ತೂರಬಾಯಿ ಸೆರಗು ತಲೆಯ ಮೇಲೆ ಎಳೆದುಕೊಂಡು, ಮಗಳನ್ನು ಗಂಡನ ಮನೆಗೆ ಕಳಿಸುವವಳಂತೆ, "ಆರಾಮ ಇರವ್ವಾ" ಎಂದಳು. ಕಾರು ತಿರುಗಿಸಿ ನೋಡಿದಾಗಲೂ ಅವಳು ಅಲ್ಲೇ ನಿಂತಿದ್ದಳು.

ಜುಲೈನಲ್ಲಿ, ಮಳೆ ಹಿಡಿದ ಒಂದು ಬೆಳಿಗ್ಗೆ, ಸುಂದರಬಾಯಿ ಫೋನ್ ಮಾಡಿದರು. ಎಂಟರಲ್ಲಿ ಏಳು ಮರಿ ಸಿಪ್ಪೆ ಸೀಳಿ ಹೊರಬಂದಿದ್ದವು. ಸುಜಾತಾ ಆಗಲೇ ರಜೆ ಹಾಕಿ ಚಿಂತಾಕಿಯಲ್ಲಿದ್ದಳು. ಸಾಯಗಾಂವಕ್ಕೆ ಸುದ್ದಿ ಮುಟ್ಟಿಸುವ ಕೆಲಸ ನನ್ನದಾಯಿತು. ಕಸ್ತೂರಬಾಯಿ ಹೊಲದಲ್ಲಿದ್ದಳು, ಫೋನಿನಲ್ಲಿ ಮಳೆಯ ಸದ್ದು ಕೇಳುತ್ತಿತ್ತು. ಏಳು ಎಂದಾಗ, "ಏಳೂ?" ಎಂದು ಎರಡು ಸಲ ಕೇಳಿದಳು. ಆಮೇಲೆ ಕೇಳಿದ್ದು ಒಂದೇ ಮಾತು.

"ಅವ್ವನ್ನ ಹೋಲ್ತಾವೇನ್ರಿ?"

ನಾನು ಅವನ್ನು ಕಂಡಿರಲಿಲ್ಲ.

"ಹೋಲ್ತಾವವ್ವಾ," ಎಂದೆ. "ಏಳೂ ಹೋಲ್ತಾವ."